ಅಂಗೈ ಬಿಸಿಗೆ ತಿರುಗುವ ಚಕ್ರ

ಬೆಳಗಿನ ಐದೂವರೆ. ಹಿರೇಗುತ್ತಿಯ ಮಾದೇವ ಪಟಗಾರರು ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಎಡಗೈ ಚಾಚಿಕೊಂಡು ಕೂತಿದ್ದಾರೆ. ಅಂಗೈ ಮೇಲೊಂದು ಪುಟ್ಟ ಯಂತ್ರ. ಕೆಳಗೊಂದು, ಮೇಲೊಂದು ಅಲ್ಯೂಮಿನಿಯಂ ತಟ್ಟೆ, ನಡುವೆ ಪ್ಲಾಸ್ಟಿಕ್ ಬಳೆ, ಎಲ್ಲಕ್ಕಿಂತ ಮೇಲೆ ಹಳೆಯ ಸಿ.ಡಿ.ಯಿಂದ ಮಾಡಿದ ಚಕ್ರ. ಒಂದು ನಿಮಿಷ ಸುಮ್ಮನೆ ಕಾಯುತ್ತಾರೆ. ಆಮೇಲೆ ಬೆರಳ ತುದಿಯಿಂದ ಚಕ್ರವನ್ನು ಒಮ್ಮೆ ಮೆಲ್ಲಗೆ ತಳ್ಳುತ್ತಾರೆ. ಅದು ತನ್ನ ಪಾಡಿಗೆ ತಿರುಗತೊಡಗುತ್ತದೆ. ಕರೆಂಟಿಲ್ಲ, ಬ್ಯಾಟರಿ ಇಲ್ಲ, ಬೆಂಕಿಯೂ ಇಲ್ಲ. ಮಾದೇವರ ಮೈಬಿಸಿಯೇ ಅದಕ್ಕೆ ಡೀಸೆಲ್ಲು.

ನನ್ನ ಕೈ ಮೇಲಿಟ್ಟರೆ ಮಾತ್ರ ಚಕ್ರ ಮಿಸುಕಾಡುವುದಿಲ್ಲ. "ನೀವು ಬೈಕಲ್ಲಿ ಬಂದವ್ರು, ಕೈ ಥಂಡಿ ಹಿಡ್ದಿರ್ತದೆ. ಚಾ ಲೋಟ ಹಿಡ್ಕಳಿ ಮೊದ್ಲು" ಎಂದು ಮಾದೇವರು ನಗುತ್ತಾರೆ. ಅವರ ಹೆಂಡತಿ ಮಂಗಲಾ ಕೊಟ್ಟ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತ ಮೇಲೆ ನನಗೂ ಯಂತ್ರ ಒಲಿಯುತ್ತದೆ. ಪರೀಕ್ಷೆ ಪಾಸಾದಷ್ಟೇ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ.

ಇದು ಬಿಸಿಗಾಳಿ ಎಂಜಿನ್ನು. ಅಂಗೈಗೆ ತಾಗಿದ ತಟ್ಟೆ ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗಿ ಸಣ್ಣ ಪಿಸ್ಟನ್ನನ್ನು ಮೇಲಕ್ಕೆ ತಳ್ಳುತ್ತದೆ. ಚಕ್ರ ತಿರುಗಿದಾಗ ಒಳಗಿರುವ ಥರ್ಮಾಕೋಲಿನ ಬಿಲ್ಲೆ ಕೆಳಗಿಳಿದು ಆ ಗಾಳಿಯನ್ನು ಮೇಲಿನ ತಣ್ಣನೆಯ ತಟ್ಟೆಯತ್ತ ಓಡಿಸುತ್ತದೆ, ಗಾಳಿ ಕುಗ್ಗುತ್ತದೆ, ಪಿಸ್ಟನ್ನು ಇಳಿಯುತ್ತದೆ. ಅಂಗೈಗೂ ಗಾಳಿಗೂ ಅಂತರ ಇದ್ದರೆ ಮಾತ್ರ ಈ ಆಟ. ನಮ್ಮ ಕರಾವಳಿಯಲ್ಲಿ ಹೊತ್ತೇರಿದರೆ ಗಾಳಿಯೂ ಅಂಗೈಯಷ್ಟೇ ಬೆಚ್ಚಗೆ. ಹಾಗಾಗಿ ಇದು ಚೆನ್ನಾಗಿ ತಿರುಗುವುದು ಚಳಿಗಾಲದ ಐದಾರು ವಾರ, ಅದೂ ಬಿಸಿಲು ಬಲಿಯುವ ಮೊದಲು. ಗೋಡೆಯ ಥರ್ಮಾಮೀಟರು ಈಗ ಹತ್ತೊಂಬತ್ತು ಡಿಗ್ರಿ ತೋರಿಸುತ್ತಿದೆ.

ಮಾದೇವರಿಗೆ ಐವತ್ತೇಳು. ಕುಮಟೆಯ ವರ್ಕ್‌ಶಾಪೊಂದರಲ್ಲಿ ಮೂವತ್ತೊಂಬತ್ತು ವರ್ಷಗಳಿಂದ ಲೇತ್ ಮೇಲೆ ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಕಡೆಯುತ್ತಾರೆ. ಎಂಟರ ಬಸ್ಸಿಗೆ ಹೋದರೆ ಮನೆ ಸೇರುವುದು ಏಳಕ್ಕೆ. ಅವರದು ಅಂತ ಇರುವುದು ನಸುಕಿನ ಎರಡೂವರೆ ತಾಸು ಮಾತ್ರ. ಅಷ್ಟರಲ್ಲೇ ಹದಿನಾರು ವರ್ಷಗಳಲ್ಲಿ ಮೂವತ್ತೊಂದು ಎಂಜಿನ್ನು ಮಾಡಿದ್ದಾರೆ. ಹೆಚ್ಚಿನವು ಎಣ್ಣೆದೀಪದ ಉರಿಗೆ ಓಡುವಂಥವು. ಕುಮಟೆ, ಹೊನ್ನಾವರ, ಭಟ್ಕಳದ ಇಪ್ಪತ್ತೆರಡು ಶಾಲೆಗಳಿಗೆ ಕೊಟ್ಟಿದ್ದಾರೆ. ಮಕ್ಕಳು ಮುರಿದರೆ ರಜೆ ಹಾಕಿ ತಾವೇ ಹೋಗಿ ಸರಿ ಮಾಡಿ ಬರುತ್ತಾರೆ.

ಓದಿದ್ದು ಎಷ್ಟು ಎಂದು ಕೇಳುತ್ತೇನೆ. ಮಾದೇವರ ದನಿ ತಗ್ಗುತ್ತದೆ. "ಆರನೇ ಪಾಸು ಅಂತ ಬರ್ಕಳಿ. ಏಳನೇ ಪರೀಕ್ಷೆಗೆ ಕೂರ್ಲಿಲ್ಲ. ಅಪ್ಪ ಬಿದ್ದು ಸೊಂಟ ಮುರ್ಕೊಂಡ, ನಾ ಸೈಕಲ್ ಅಂಗ್ಡಿ ಸೇರ್ದೆ."

ಆ ಆರನೇ ಕ್ಲಾಸಿನಲ್ಲೇ ಅವರ ಎಂಜಿನ್ನಿನ ಬೇರಿದೆ. ಸುಮತಿ ಅಕ್ಕೋರು ಅವರ ವಿಜ್ಞಾನದ ಟೀಚರು. ಮಳೆಗಾಲದ ಒಂದು ದಿನ ಬಾವಿನೀರಲ್ಲಿ ತಣ್ಣಗಾದ ಬಾಟಲಿಯ ಬಾಯಿಗೆ ಒದ್ದೆ ಹತ್ತು ಪೈಸೆ ಇಟ್ಟು, ಅದನ್ನು ಹಿಡಿಯಲು ಮಾದೇವನನ್ನು ಕರೆದರಂತೆ. ಬಾಟಲಿ ಬೆಚ್ಚಗಾದರೆ ಒಳಗಿನ ಗಾಳಿ ನಾಣ್ಯವನ್ನು ಹಾರಿಸಬೇಕು. "ನಾ ನೆನ್ಕಂಡು ಬಂದಿದ್ದೆ, ಕೈ ಮರಗಟ್ಟಿತ್ತು. ಪೈಸೆ ಹಾರ್ಲೇ ಇಲ್ಲ, ಎಲ್ಲಾ ನಗಾಡಿದ್ರು. ಅಕ್ಕೋರು ನನ್ ಕೈ ಮೇಲೆ ಅವ್ರ ಕೈ ಇಟ್ರು. ಆಗ ಟಿಕ್ ಅಂತ ಹಾರ್ತು ನೋಡಿ."

ಶಾಲೆ ಬಿಟ್ಟ ಮೇಲೂ ಅಕ್ಕೋರು ಅವರನ್ನು ಬಿಡಲಿಲ್ಲ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಹುಡುಗನನ್ನು ತಾವೇ ಕುಮಟೆಗೆ ಕರೆದೊಯ್ದು ಲೇತ್ ಕೆಲಸಕ್ಕೆ ಸೇರಿಸಿದರು. "ಅವ್ರು ಬರ್ದೇ ಇದ್ರೆ ನಾ ಎಂತ ಆಗ್ತಿದ್ನೋ" ಎನ್ನುವಾಗ ಮಾದೇವರ ಕಣ್ಣು ತುಂಬುತ್ತದೆ, ಅದನ್ನವರು ಮರೆಮಾಚುವುದೂ ಇಲ್ಲ.

ಅಕ್ಕೋರಿಗೆ ಈಗ ಎಂಬತ್ತೊಂದು. ನಾಲ್ಕು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಶಿಷ್ಯನ ಎಂಜಿನ್ನನ್ನು ನೋಡುವಂತಿಲ್ಲ, ಉರಿ ಇರುವುದನ್ನು ಮುಟ್ಟಿ ತಿಳಿಯುವಂತೆಯೂ ಇಲ್ಲ. ಅವರ ಅಂಗೈ ಮೇಲೇ ಓಡುವಂಥದ್ದನ್ನು ಮಾಡಬೇಕೆಂದು ಮಾದೇವರು ಹಟ ತೊಟ್ಟಿದ್ದು ಆಗ. ಮೊದಲ ಚಳಿಗಾಲ ಗಾಳಿ ಸೋರಿ ಕೈಕೊಟ್ಟಿತು. ಎರಡನೆಯ ಚಳಿಗಾಲದ ಕತೆ ಹೇಳುವಾಗ ಮಂಗಲಾ ನಗು ತಡೆಯುವುದಿಲ್ಲ. ಚಕ್ರದ ಅಚ್ಚಿಗೆ ಮಾದೇವರು ಪೊರಕೆ ಕಡ್ಡಿಯ ತುದಿಯಿಂದ ಒಂದು ತೊಟ್ಟು ತೆಂಗಿನೆಣ್ಣೆ ಬಿಟ್ಟಿದ್ದರು. ನಮ್ಮೂರಲ್ಲಿ ಬಾಗಿಲ ತಿರುಗಣಿಯಿಂದ ತಲೆಯವರೆಗೆ ಎಲ್ಲದಕ್ಕೂ ಅದೇ ತಾನೆ! ಮಧ್ಯಾಹ್ನ ಚಕ್ರ ಬೆರಳಿಗೆ ಬೆಣ್ಣೆಯ ಹಾಗೆ ತಿರುಗುತ್ತದೆ, ನಸುಕಿಗೆ ಮಾತ್ರ ಬಿಗಿದು ನಿಲ್ಲುತ್ತದೆ. ವಾರಗಟ್ಟಲೆ ಪಿಸ್ಟನ್ನನ್ನೇ ಬೈದರು.

"ಒಂದಿನ ತಲೆಗೆ ಹಾಕುವಾ ಅಂತ ನೋಡ್ತೆ, ಬಾಟ್ಲಿಲಿ ಎಣ್ಣೆ ಕಲ್ಲಾಗಿ ಕೂತದೆ. ಇಲ್ನೋಡಿ, ನಿಮ್ಮ ಚಕ್ರದ್ದೂ ಇದೇ ಕತೆ ಅಂದೆ" ಎನ್ನುತ್ತಾರೆ ಮಂಗಲಾ. ಎಂಜಿನ್ನಿಗೆ ಬೇಕಾದ ಚಳಿಯೇ ಎಣ್ಣೆಯನ್ನು ಹೆಪ್ಪುಗಟ್ಟಿಸುತ್ತಿತ್ತು. ಈಗ ಅಚ್ಚಿಗೆ ಎಣ್ಣೆಯಿಲ್ಲ, ಪೆನ್ಸಿಲ್ ಕಡ್ಡಿಯ ಪುಡಿ ಸವರಿದ್ದಾರೆ. "ಇವ್ಳು ತಲೆ ಬಾಚದೇ ಇದ್ರೆ ಎಂಜಿನ್ನೇ ಇಲ್ಲ" ಎಂದು ಮಾದೇವರು ಗಂಭೀರವಾಗಿ ಹೇಳುತ್ತಾರೆ.

ಇವತ್ತು ಭಾನುವಾರ, ಯಂತ್ರವನ್ನು ಅಕ್ಕೋರ ಬಳಿ ಒಯ್ಯುವ ದಿನ. ಶಾಲೆಯ ಹಿಂದೆ ತಮ್ಮನ ಮನೆಯಲ್ಲಿರುವ ಅವರು ಏಳಕ್ಕೆಲ್ಲ ಮಿಂದು ಜಗಲಿಯಲ್ಲಿ ಕೂತಿದ್ದಾರೆ.

"ಬಂದ್ಯಾ ಮಾದೇವ? ಆತಾ ನಿನ್ನ ಎಂಜಿನ್ನು?"

"ಆತು ಅಕ್ಕೋರೇ. ಕೈ ಚಾಚಿ."

ಯಂತ್ರವನ್ನು ಅವರ ಅಂಗೈ ಮೇಲಿಟ್ಟು ಕಾದು, ಚಕ್ರವನ್ನು ಮೆಲ್ಲಗೆ ತಳ್ಳುತ್ತಾರೆ. ಅರ್ಧ ಸುತ್ತು ಬಂದು ಅದು ನಿಲ್ಲುತ್ತದೆ. ಮತ್ತೆ ತಳ್ಳಿದರೂ ಅಷ್ಟೇ. ವಯಸ್ಸಾದ ಕೈ, ತಣ್ಣಗಿದೆ. ಮೂರು ಚಳಿಗಾಲದ ಕೆಲಸ ಅಂಗೈ ಮೇಲೆ ನಿಂತುಬಿಟ್ಟಿದೆ. ಮಾದೇವರ ಮುಖ ನೋಡಲಾಗದೆ ನಾನು ಅಂಗಳ ನೋಡುತ್ತೇನೆ.

ಮಾದೇವರು ಯಂತ್ರವನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂರುತ್ತಾರೆ. ಅಕ್ಕೋರ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಳ್ಳುತ್ತಾರೆ. ಐದು ನಿಮಿಷ ಹಾಗೇ ಹಿಡಿದಿರುತ್ತಾರೆ. ಆಮೇಲೆ ಯಂತ್ರವನ್ನು ಮತ್ತೆ ಆ ಅಂಗೈ ಮೇಲಿಟ್ಟು ಚಕ್ರವನ್ನು ತಳ್ಳುತ್ತಾರೆ. ಅದು ಒಂದು ಸುತ್ತು ಬರುತ್ತದೆ, ಇನ್ನೊಂದು ಬರುತ್ತದೆ, ನಿಲ್ಲುವುದಿಲ್ಲ.

ಅಕ್ಕೋರು ಇನ್ನೊಂದು ಕೈಯ ಬೆರಳನ್ನು ಹತ್ತಿರ ತಂದು ಚಕ್ರದ ಅಂಚನ್ನು ಮುಟ್ಟಿಯೂ ಮುಟ್ಟದಂತೆ ಹಿಡಿಯುತ್ತಾರೆ. ಆಮೇಲೆ ಹೇಳುತ್ತಾರೆ: "ತಿರುಗ್ತಾ ಅದೆ. ಆತು ಮಾದೇವ, ಏಳನೇ ಕ್ಲಾಸು ಪಾಸು."

ಮಾದೇವರ ಮನೆಗೆ ವಾಪಸು ಬರುತ್ತೇವೆ. ನಾನು ಬೈಕು ಹತ್ತುವಾಗ ಅವರು ಹತ್ತಿರ ಬಂದು, "ಆರನೇ ಪಾಸು ಅಂತ ಬರ್ಕಂಡಿದ್ರಿ ಅಲ್ವಾ? ಅದನ್ನ ಒಂಚೂರು ತಿದ್ಕಳಿ" ಎನ್ನುತ್ತಾರೆ.