ಅಂಬಲಿ ತುಂಬಿದ ಚೀಲ

ಆ ದಿನವೂ ಬೆಳಗಿನ ಪಾಯಖಾನೆ ಮೊದಲು ನನ್ನದೇ. ನನ್ನ ದೊಡ್ಡ ಕರುಳಿನಲ್ಲಿ ಹುಣ್ಣಾದಾಗಿನಿಂದ ಮನೆಯವರೆಲ್ಲ ಒಪ್ಪಿಕೊಂಡ ನಿಯಮವಿದು. ಗಂಡ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಅಂಗಳದಲ್ಲಿ ಕಾಯುತ್ತಾರೆ, ಅವರ ಹಿಂದೆ ಅತ್ತೆ. ನಾನು ಹೊರಬಂದರೂ ಅವರು ಅವಸರಪಡುವುದಿಲ್ಲ. ನಾನು ಮತ್ತೆ ಓಡಿ ಬರುವವಳೆಂದು ಗೊತ್ತು.

ಕಾಯಿಲೆಯ ಹೆಸರು ಉದ್ದದ್ದು, ಅಲ್ಸರೇಟಿವ್ ಕೊಲೈಟಿಸ್. ಗುಳಿಗೆ ಹೆಚ್ಚಿಸಿದರೆ ಅಡಗುತ್ತದೆ, ಇಳಿಸಿದರೆ ರಕ್ತದೊಡನೆ ಮರಳುತ್ತದೆ. ಜತ್ತದ ಡಾಕ್ಟರು ಮಿರಜಿನ ಆಸ್ಪತ್ರೆಗೆ ಕಳಿಸಿದ್ದರು. ಅಲ್ಲಿನವರು ದೊಡ್ಡ ಕರುಳನ್ನೇ ತೆಗೆದುಬಿಡೋಣ ಎಂದರು. ಆಮೇಲೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಅದಕ್ಕೊಂದು ಚೀಲ ಅಂಟಿಸುತ್ತಾರೆ. ಕೆಲವು ತಿಂಗಳಿಗೋ, ಯಾವತ್ತಿಗೋ. ಆಪರೇಶನ್ನಿಗೆ ನಾನು ಅಷ್ಟು ಅಂಜಿರಲಿಲ್ಲ. ಸೀರೆಯ ಮೇಲೆ ಅದು ಎದ್ದು ಕಂಡು, ನಾಲ್ಕು ಮಂದಿ ಏನದು ಎಂದು ಕೇಳಿದರೆ ಏನು ಹೇಳಲಿ ಎಂಬುದೇ ನನ್ನ ಅಂಜಿಕೆ.

ಅಲ್ಲಿನ ನರ್ಸ್ ನನ್ನನ್ನು ಕೂರಿಸಿ, ಬಗ್ಗಿಸಿ, ಹೊಕ್ಕಳಿನ ಬಲಕ್ಕೆ ಪೆನ್ನಿನಿಂದ ಗುರುತು ಹಾಕಿದ್ದಳು. ಖಾಲಿ ಚೀಲವೊಂದನ್ನು ಕೊಟ್ಟು, ಸ್ವಲ್ಪ ನೀರು ಹಾಕಿ ಅಂಟಿಸಿಕೊಂಡು ಒಂದು ದಿನ ಮನೆಗೆಲಸ ಮಾಡಿ ನೋಡಿ ಎಂದಿದ್ದಳು.

"ನೀರ ಯಾಕ? ಅಂಬಲಿ ಹಾಕ್ಕೋ," ಎಂದರು ಅತ್ತೆ. "ಖರೇದರಂಗ ಇರ್ತೈತಿ."

ಹಾಗೇ ಮಾಡಿದೆ. ಗಂಡನಿಗೆ ಹೇಳಿದೆ, "ಸಂಜೀ ತನಕಾ ಯಾರೂ ಏನೂ ಕೇಳ್ಲಿಲ್ಲಂದ್ರ ನಾಳಿ ಡಾಕ್ಟರಿಗೆ ಹೂಂ ಅನ್ರಿ."

"ಯಾರರ ಕೇಳಿದ್ರ?"

"ಕೇಳಿದ್ರ ಹಿಂಗ ಪಾಳಿ ಕಾಯ್ಕೋತ ಇರ್ರಿ."

ರೊಟ್ಟಿ ಬಡಿಯಲು ನೆಲಕ್ಕೆ ಕುಳಿತಾಗ ಒಳಲಂಗದ ಲಾಡಿ ಚೀಲದ ಮೇಲೇ ಬಿಗಿಯಿತು. ಎದ್ದು ಲಾಡಿಯನ್ನು ತುಸು ಮೇಲಕ್ಕೆ ಕಟ್ಟಿಕೊಂಡೆ. ಚಿಕ್ಕವಳಿದ್ದಾಗ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ನಮ್ಮ ಸ್ಕರ್ಟಿನ ಮಡಿಕೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅದೇ ಶ್ರದ್ಧೆಯಿಂದ ಸೀರೆಯ ನೆರಿಗೆಗಳನ್ನು ಬಲಕ್ಕೆ ಹರಡಿದೆ. ಒಂದೊಂದು ಬಡಿತಕ್ಕೂ ಅಂಬಲಿ ಮೆಲ್ಲಗೆ ತುಳುಕುತ್ತಿತ್ತು. ಬುಟ್ಟಿ ತುಂಬುವ ಹೊತ್ತಿಗೆ ಅದನ್ನು ಮರೆತೇಬಿಟ್ಟಿದ್ದೆ.

ಅಸಂಗಿಯಿಂದ ತರಕಾರಿ ತರುವಾಕೆ ಬಂದಳು. ಅವಳು ಬದನೆಕಾಯಿ ತೂಗುತ್ತಿದ್ದಾಗ ನಾನು ಹಿತ್ತಲಿಗೆ ಓಡಬೇಕಾಯಿತು. ಅವಳು ತಕ್ಕಡಿ ಕೆಳಗಿಟ್ಟು ಕಾದಳು. ಅದು ದಿನದ್ದೇ. ಚೀಲದ ಕಡೆ ಅವಳ ಲಕ್ಷ್ಯವೇ ಹೋಗಲಿಲ್ಲ.

ಉಳಿದವರು ಪಕ್ಕದ ಮನೆಯ ಆಪಾ. ಹೊಲಿಗೆ ಅವರ ಕಸುಬು. ಟೇಪು ಕೈಗೆತ್ತಿಕೊಳ್ಳುವ ಮೊದಲೇ ಕಣ್ಣು ಅಳತೆ ತೆಗೆದಿರುತ್ತದೆ. ನಾನು ಸೊರಗಿದಂತೆಲ್ಲ ಸೀರೆಯ ಮೇಲೆ ತೊಡುವ ನನ್ನ ಜಂಪರುಗಳ ಹೊಲಿಗೆಯನ್ನು ಒಳಗೆ ಹಿಡಿಯುತ್ತ ಬಂದವರು ಅವರೇ. ಸಂಜೆ ಹಾಗೆ ಹಿಡಿದ ಒಂದು ಜಂಪರನ್ನು ಕೊಡಲು ಬಂದು ಕಟ್ಟೆಯ ಮೇಲೆ ಕುಳಿತರು. ನಾನು ಬಗ್ಗಿ ಚಹಾ ಕೊಟ್ಟೆ. ಅವರ ಕಣ್ಣು ನನ್ನ ನಡುವಿಗೆ ಬಂದು ನಿಂತಿತು. ಒಳಗೆ ಗಂಡನ ಪೇಪರಿನ ಸದ್ದು ನಿಂತಿತು. ಮೆಂತ್ಯ ಬಿಡಿಸುತ್ತಿದ್ದ ಅತ್ತೆಯ ಕೈಯೂ ನಿಂತಿತು.

ಆಪಾ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದಿದರು.

"ಇನ್ನ ಜಂಪರ ಹಿಡಿಯೂದು ಬ್ಯಾಡ ಬಿಡ್ರಿ ವೈನಿ. ಹೊಟ್ಟಿ ಬರಾಕತ್ತೈತಿ, ಉಂಡಿದ್ದು ಮೈಗೆ ಹತ್ತೈತಿ."