ಕಾರಿನಡಿಯ ನೆಲ

ತ್ಯಾಗರಾಜನಗರದ ಆ ಅಡ್ಡರಸ್ತೆಯಲ್ಲಿ ಬೆಳಗಿನ ಐದೂಮುಕ್ಕಾಲಿಗೆ ನೀರು ಚೆಲ್ಲುವ ಸದ್ದು ಕೇಳಿಸಿತೆಂದರೆ ಶಂಕ್ರವ್ವ ಬಂದಳೆಂದೇ ಅರ್ಥ. ಕುಷ್ಟಗಿ ಕಡೆಯವಳು. ಬೆಂಗಳೂರಿಗೆ ಬಂದು ಹನ್ನೊಂದು ವರ್ಷ, ಕತ್ರಿಗುಪ್ಪೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ದಿನಕ್ಕೆ ನಾಲ್ಕು ಮನೆಯ ಕೆಲಸ. ಇಲ್ಲಿಯವರ ಬಾಯಲ್ಲಿ ಮೊದಲ ವಾರವೇ ಶಂಕ್ರಮ್ಮ ಆಗಿಬಿಟ್ಟಳು. ತಿದ್ದಿ ತಿದ್ದಿ ಸಾಕಾಗಿ ಅದಕ್ಕೂ ಓಗೊಡುವುದನ್ನು ಕಲಿತಳು. ಪಾತ್ರೆ, ಬಟ್ಟೆ ಎಲ್ಲ ಅವಳಿಗೆ ಬರೀ ಕೆಲಸ. ಮನೆಮುಂದಿನ ನೆಲ ತೊಳೆಯುವುದು ಮಾತ್ರ ಹಾಗಲ್ಲ. ಅದರಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು. ಇರಬಾರದೇಕೆ? ಮೂಲೆ ಮೂಲೆಗೂ ಬ್ರಷ್ ಹಾಕಿ, ಒಂದೇ ಬಕೆಟ್ ನೀರಿನಲ್ಲಿ ಇಡೀ ಪೋರ್ಟಿಕೋ ತೊಳೆದು ಲಕಲಕ ಅನ್ನಿಸುವವರು ಈ ಊರಲ್ಲಿ ಎಷ್ಟು ಜನ ಸಿಕ್ಕಾರು? ಅವಳಿಗೆ ಗೊತ್ತಿದ್ದಂತೆ ಅವಳೊಬ್ಬಳೇ.

ದಿನದ ಮೊದಲ ಮನೆ ಸೀನು ಸಾರ್ ಮತ್ತು ವಿಮಲಾ ಮೇಡಂ ಅವರದು. ಸಾರ್ ವಿಮಾ ಕಚೇರಿಯಿಂದ ನಿವೃತ್ತರಾದವರು, ಮಾತು ಕಡಿಮೆ. ಪೋರ್ಟಿಕೋದಲ್ಲಿ ಅವರ ಇಪ್ಪತ್ತೆರಡು ವರ್ಷದ ಬಿಳಿ ಕಾರು. ಶಂಕ್ರವ್ವ ಉದ್ದ ಹಿಡಿಯ ಬ್ರಷ್ಷನ್ನು ಕಾರಿನಡಿಗೂ ತೂರಿಸಿ ತಿಕ್ಕಿ, ಗೇಟಿನಾಚೆ ರಂಗೋಲಿ ಇಟ್ಟು, ಆರೂವರೆಗೆ ಹಿತ್ತಲಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಎಂಟು ವರ್ಷದಿಂದ ಇದೇ ಕ್ರಮ. ಆ ಎಂಟು ವರ್ಷದಲ್ಲಿ ಅವಳ ಕೆಲಸದಲ್ಲಿ ಯಾರೂ ಒಂದು ಕೊಂಕು ತೆಗೆದಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಏನಾಯಿತೆಂದರೆ, ಏಳು ಗಂಟೆಗೆ ಬಾಗಿಲು ತೆಗೆದ ಸೀನು ಸಾರ್ ಪಂಚೆ ಎತ್ತಿ ಕಟ್ಟಿ, ಟಾರ್ಚು ಹಿಡಿದು, ಮಂಡಿಯೂರಿ ಕಾರಿನಡಿ ಬಗ್ಗಿದರು. ಅತ್ತ ಇತ್ತ ಬೆಳಕು ಬಿಟ್ಟು ನೋಡಿದರು. ಕೈ ಚಾಚಿ ನೆಲ ಸವರಿ, ಬೆರಳನ್ನು ಮೂಗಿಗೆ ಹಿಡಿದು ಮೂಸಿದರು. ಎದ್ದು ಒಳಗೆ ಹೋದರು. ಹಿತ್ತಲಿಂದ ಸೋಪು ಕೇಳಲು ಬಂದಿದ್ದ ಶಂಕ್ರವ್ವ ಇದನ್ನೆಲ್ಲ ಕಂಡಳು. ಸೋಪು ಕೇಳುವುದನ್ನೂ ಬಿಟ್ಟು ಹಿತ್ತಲಿಗೆ ಮರಳಿದಳು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಕೆಲಸದವಳು ನೆಲವನ್ನು ಸರಿಯಾಗಿ ತೊಳೆದಳೋ ಇಲ್ಲವೋ ಎಂದು ಟಾರ್ಚು ಹಾಕಿ ನೋಡುವ ಯಜಮಾನರನ್ನು ಅವಳು ಇದೇ ಮೊದಲು ಕಂಡದ್ದು. ಕೇಳಿಯೇಬಿಡೋಣ ಎಂದು ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ಕೇಳಿ, ಅವರು ಹೌದೆಂದುಬಿಟ್ಟರೆ? ಬದಲಿಗೆ ಇನ್ನಷ್ಟು ಜೋರಾಗಿ ತಿಕ್ಕತೊಡಗಿದಳು. ಮುಂದಿನ ಬಲಗಾಲಿಯ ಹತ್ತಿರ ಅಂಗೈಯಗಲ ಹಸಿರು ನೀರು ದಿನಾ ಇರುತ್ತಿತ್ತು, ಜಿಡ್ಡು ಜಿಡ್ಡು. ಬೀದಿಯಲ್ಲಿ ನಿಂತ ಕಾರುಗಳೆಲ್ಲ ನೀರು ಬಿಡುವುದನ್ನು ಅವಳು ನೋಡಿದ್ದಳು, ಆದ್ದರಿಂದ ಅದೇನು ಎಂದು ಯೋಚಿಸಲಿಲ್ಲ. ಸೋಪಿನ ಪುಡಿ ಉದುರಿಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಗುರುತೂ ಉಳಿಯದಂತೆ ತೆಗೆದುಬಿಡುತ್ತಿದ್ದಳು. ಇಷ್ಟಾದರೂ ಏಳು ಗಂಟೆಗೆ ಸಾರ್ ಬಗ್ಗುವುದು ತಪ್ಪಲಿಲ್ಲ.

ಕಾರಿಗೆ ಏನೋ ಕಾಯಿಲೆ ಎಂಬುದು ಅಡುಗೆಮನೆಯ ಮಾತಿನಲ್ಲಿ ಅವಳ ಕಿವಿಗೂ ಬಿದ್ದಿತ್ತು. ಬನಶಂಕರಿ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಎಂಜಿನ್ ಕುದಿದು ಹಬೆ ಏಳುತ್ತಿತ್ತಂತೆ. ನೀರು ತುಂಬಿಸಿದರೆ ನಾಲ್ಕು ದಿನಕ್ಕೆ ಖಾಲಿ. ಒಬ್ಬ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ಬದಲಿಸಿದ, ಇನ್ನೊಬ್ಬ ಪೈಪು ಬದಲಿಸಿದ. ಮೂರನೆಯವರು ಕತ್ರಿಗುಪ್ಪೆಯ ಪಿಳ್ಳಪ್ಪ, ಹಳೆಯ ಕೈ. ಅವರು ಮೊದಲು ಕೇಳಿದ್ದೇ ಕಾರು ನಿಲ್ಲಿಸುವ ಕಡೆ ಕೆಳಗೆ ಏನಾದರೂ ಸೋರಿದೆಯೇ ಎಂದು. ಐದು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಒಂದು ಹನಿಯೂ ಇಲ್ಲ ಎಂದು ಸೀನು ಸಾರ್ ಆಣೆ ಇಟ್ಟು ಹೇಳಿದರು. ಹೊರಗೆ ಸೋರದಿದ್ದರೆ ಎಂಜಿನ್ನೇ ಒಳಗೊಳಗೆ ಕುಡಿಯುತ್ತಿದೆ, ಬಿಚ್ಚಬೇಕು, ಆ ಖರ್ಚಿಗೆ ಕಾರಿನ ಬೆಲೆಯೂ ಸಾಲದು ಎಂದರು ಪಿಳ್ಳಪ್ಪ. ಗುಜರಿಗೆ ಕೊಡುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ವಿಮಲಾ ಮೇಡಂ ಡ್ರೈವಿಂಗ್ ಕಲಿತದ್ದು ಅದೇ ಕಾರಿನಲ್ಲಿ. ಆ ದಿನ ಅವರು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತರು.

ಗ್ಯಾರೇಜಿನಲ್ಲಿ ಆಡಿದ ಮಾತೊಂದೂ ಶಂಕ್ರವ್ವನಿಗೆ ಗೊತ್ತಿರಲಿಲ್ಲ. ಕಾರು ಗುಜರಿಗೆ ಹೋಗುವ ಸುದ್ದಿ ಕೇಳಿ ಅಯ್ಯೋ ಅನ್ನಿಸಿತು, ಇಲ್ಲವೆಂದಲ್ಲ. ಆದರೆ ಅವಳ ಮನಸ್ಸು ಅವಳದೇ ಉರಿಯಲ್ಲಿ ಬೇಯುತ್ತಿತ್ತು. ಎಂಟು ವರ್ಷ ದುಡಿದ ಮನೆಯಲ್ಲಿ ದಿನಾ ಕಳ್ಳಿಯಂತೆ ತಪಾಸಣೆ ಮಾಡಿಸಿಕೊಳ್ಳುವುದು ಎಷ್ಟು ದಿನ? ಪಕ್ಕದ ಕೋಣೆಯ ರಾಜಶ್ರೀ ಗಿರಿನಗರದಲ್ಲಿ ಒಂದು ಮನೆ ಗೊತ್ತುಮಾಡಿಕೊಟ್ಟಳು. ಈ ಮನೆ ಬಿಡುವುದು ಅವಳಿಗೆ ಸುಲಭವಿರಲಿಲ್ಲ. ಜ್ವರ ಬಂದಾಗ ವಿಮಲಾ ಮೇಡಂ ಗಂಜಿ ಕಾಯಿಸಿ ಕೊಟ್ಟದ್ದೂ ನೆನಪಿತ್ತು. ಆದರೂ ಮರ್ಯಾದೆ ಹೋದ ಕಡೆ ಇರಲಾರೆ ಎಂದು ಗಟ್ಟಿ ಮನಸ್ಸು ಮಾಡಿ, ಕೆಲಸ ಬಿಡುವುದಾಗಿ ಸೋಮವಾರ ಹೇಳಿಬಿಡುವುದೆಂದು ನಿಶ್ಚಯಿಸಿದಳು.

ಸೋಮವಾರ ಪೋರ್ಟಿಕೋವನ್ನು ಎಂದಿನಂತೆಯೇ ತೊಳೆಯಲು ಶುರುಮಾಡಿದಳು. ಕಾರಿನ ಹತ್ತಿರ ಬಂದಾಗ ಮಾತ್ರ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ನೋಡುವುದೇ ಆದರೆ ಇವತ್ತು ಕಣ್ಣು ತುಂಬ ನೋಡಲಿ ಎಂದು ಬ್ರಷ್ಷನ್ನು ಗೋಡೆಗೆ ಒರಗಿಸಿದಳು. ಕಾರಿನಡಿಗೆ ಒಂದು ತೊಟ್ಟು ನೀರೂ ಹಾಕಲಿಲ್ಲ. ಹಿತ್ತಲಿಗೂ ಹೋಗದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಳು. ಬೈದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದಳು.

ಏಳಕ್ಕೆ ಸೀನು ಸಾರ್ ಬಂದರು, ಬಗ್ಗಿದರು. ಬಗ್ಗಿದವರು ಎದ್ದೇಳಲಿಲ್ಲ. ಹಸಿರು ನೀರಿನಲ್ಲಿ ಬೆರಳು ಅದ್ದಿ, ಮೂಸಿ, ಮತ್ತೆ ಅದ್ದಿದರು. ಆಮೇಲೆ ಹೆಂಡತಿಯನ್ನು ಕೂಗಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ ಕೂಗಿದರು. ವಿಮಲಾ ಮೇಡಂ ಕಾಫಿ ಲೋಟದ ಸಮೇತ ಓಡಿಬಂದರು. ಜೋಡಿಸಿಟ್ಟ ಮಾತುಗಳನ್ನು ಏನು ಮಾಡುವುದೆಂದು ತಿಳಿಯದೆ ಶಂಕ್ರವ್ವ ಕಕ್ಕಾಬಿಕ್ಕಿಯಾದಳು.

ಅರ್ಧ ಗಂಟೆಯಲ್ಲಿ ಪಿಳ್ಳಪ್ಪ ಬಂದು, ಅಂಗಾತ ಮಲಗಿ ಕಾರಿನಡಿ ತೂರಿ ಹೊರಬಂದರು.

"ಎಂಜಿನ್ ಏನೂ ಕುಡೀತಿಲ್ಲ ಸಾರ್. ಈ ಹಸಿರು ನೀರು ರೇಡಿಯೇಟರಿಗೆ ಹಾಕೋ ಕೂಲಂಟೇ. ವಾಟರ್ ಪಂಪಿನ ಸೀಲ್ ಹೋಗಿದೆ ಅಷ್ಟೇ. ಬಿಸಿ ಇದ್ದಾಗ ಹಿಡ್ಕೊಳ್ಳುತ್ತೆ, ತಣ್ಣಗಾದ್ಮೇಲೆ ತೊಟ್ಟಿಕ್ಕುತ್ತೆ. ಅದಕ್ಕೇ ಗ್ಯಾರೇಜಲ್ಲಿ ಕಾಣ್ಲಿಲ್ಲ. ದಿನಾ ಇಲ್ಲೇ ಸೋರಿರ್ಬೇಕಲ್ಲ?"

ಪಂಪ್ ಬದಲಿಸಿದರೆ ಕಾರು ಇನ್ನೂ ಐದಾರು ವರ್ಷಕ್ಕೆ ಮೋಸವಿಲ್ಲ ಎಂದು ಹೇಳಿ ಅವರು ಪಂಪ್ ತರಲು ಹೋದರು. ಸೀನು ಸಾರ್ ಶಂಕ್ರವ್ವನ ಕಡೆ ತಿರುಗಿದರು. ಈ ಹಸಿರು ನೀರನ್ನು ಮುಂಚೆಯೂ ಕಂಡಿದ್ದಳೇ ಎಂದು ಕೇಳಿದರು. ದಿನಾ ಎಂದಳು. ಮತ್ತೇಕೆ ಹೇಳಲಿಲ್ಲ ಎಂದಾಗ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು.

"ನೀವು ದಿನಾ ಟಾರ್ಚ್ ಹಿಡಕೊಂಡು ಬಗ್ಗಿ ನೋಡತಿದ್ರಿ. ನನ್ನ ಕೆಲಸಾನ ನೋಡಾಕತ್ತಾರ ಅಂತ ತಿಳಕೊಂಡ್ನಿ. ಅದಕ್ಕ ಒಂದು ಹನಿನೂ ಉಳೀದಂಗ ತಿಕ್ಕತಿದ್ನಿ ರೀ."

ವಿಮಲಾ ಮೇಡಂ ನಗಲು ಹೋಗಿ, ಅವಳ ಮುಖ ನೋಡಿ ನಗು ತಡೆದರು. ಸೀನು ಸಾರ್ ಮೆಟ್ಟಿಲ ಮೇಲೆ ಕೂತರು. ದಿನಾ ಬೆಳಿಗ್ಗೆ ಅವರು ಎದ್ದು ಬರುವ ಹೊತ್ತಿಗೆ ನೆಲ ಶುದ್ಧವಾಗಿರುತ್ತಿತ್ತು. ಅದನ್ನು ಒಬ್ಬರು ಶುದ್ಧ ಮಾಡಿರುತ್ತಾರೆ ಎಂಬುದು ಐದು ತಿಂಗಳಲ್ಲಿ ಅವರ ತಲೆಗೆ ಹೊಳೆದೇ ಇರಲಿಲ್ಲ.

"ಎಂಟು ವರ್ಷದಲ್ಲಿ ಒಂದು ದಿನಾನೂ ನಿನ್ನ ಕೆಲಸ ನೋಡ್ಬೇಕು ಅಂತ ನಂಗೆ ಅನ್ನಿಸೇ ಇಲ್ಲ ಶಂಕ್ರಮ್ಮ" ಎಂದರು.

ಸಮಾಧಾನಕ್ಕೆಂದೇ ಆಡಿದ ಮಾತು. ಸಮಾಧಾನವೂ ಆಯಿತು, ಐದು ತಿಂಗಳ ಭಾರ ಇಳಿದು ಅವಳ ಕಣ್ಣು ತುಂಬಿತು. ಆದರೆ ಅದೇ ಮಾತು ಒಳಗೆಲ್ಲೋ ಚುಚ್ಚಿತು ಕೂಡ. ಎಂಟು ವರ್ಷ ಈ ನೆಲವನ್ನು ಯಾರೂ ನೋಡಿಯೇ ಇರಲಿಲ್ಲ. ಶಂಕ್ರವ್ವ ಗೋಡೆಗೆ ಒರಗಿಸಿದ್ದ ಬ್ರಷ್ಷನ್ನು ಕೈಗೆ ತೆಗೆದುಕೊಂಡಳು.

"ಹಂಗಂದ್ರ ಇವತ್ತರ ಒಂದ್ಸಲ ನೋಡ್ರಿ ಸಾರ್, ನಾ ಹೆಂಗ ತೊಳೀತೀನಿ ಅಂತ."

ಅವಳು ಬಕೆಟ್ ತುಂಬಿಸಿ ತಂದಳು. ಸೀನು ಸಾರ್ ಮೆಟ್ಟಿಲಿಂದ ಏಳಲಿಲ್ಲ. ಮೇಡಂ ತಂದಿಟ್ಟ ಹೊಸ ಕಾಫಿಯೂ ಆರಿತು. ಅವಳು ಕಡೆಯ ಮೂಲೆಯನ್ನು ತೊಳೆದು ಮುಗಿಸುವವರೆಗೂ ಅವರು ಅಲ್ಲೇ ಕೂತು ನೋಡಿದರು.