ಹೊಳೆಯ ಜೇಬು

ನನ್ನ ದೊಡ್ಡಮ್ಮನಿಗೆ ದೇವರ ಮೇಲೆ ಭಕ್ತಿ ಅಷ್ಟಕ್ಕಷ್ಟೆ. ಇದ್ದದ್ದೆಲ್ಲ ಜೇಬುಗಳ ಮೇಲೆ. ಅವಳ ಲಾಂಡ್ರಿಗೆ ಬಂದ ಯಾವ ಬಟ್ಟೆಯೂ ಜೇಬು ಹೊರಳಿಸದೆ ನೀರು ಕಾಣುವಂತಿರಲಿಲ್ಲ. ಒಳಗೆ ಸಿಕ್ಕಿದ್ದನ್ನು ಅದರ ಯಜಮಾನನ ಕೈಗೇ ಕೊಡಬೇಕು, ಅದೂ ಎಲ್ಲರೆದುರು. ಇಸ್ತ್ರಿ ಮೇಜಿನ ಹಿಂದೆ ನಿಂತ ನಾನು ಎಷ್ಟು ಗಂಡಸರು ಇಂಗು ತಿಂದ ಮಂಗನಂತಾದದ್ದನ್ನು ನೋಡಿಲ್ಲ! ದಂತವೈದ್ಯನಿಗೆ, ಹೆಂಡತಿ ಪಕ್ಕದಲ್ಲಿರುವಾಗಲೇ, ಒಂಟಿ ಓಲೆ ಹಿಂದಿರುಗಿಸಿದಳು.

"ನಿಮ್ ಪ್ಯಾಂಟಲ್ಲಿತ್ತು. ಇನ್ನೊಂದು ಯಾರ ಕಿವೀಲಿದ್ಯೋ ವಿಚಾರಿಸ್ಕೊಳ್ಳಿ."

ಒಂದು ಬೆಳಿಗ್ಗೆ ಹೊಳೆ ಬಂತು. ಪ್ರವಾಹ ಎಂದುಕೊಳ್ಳಬೇಡಿ, ಮರ್ಯಾದಸ್ಥರಂತೆ ಮೆಟ್ಟಿಲು ಹತ್ತಿ ಬಂದು ಸರದಿಯಲ್ಲಿ ನಿಂತಿತು. ನನ್ನ ಭುಜದಷ್ಟು ಎತ್ತರ, ಕೊಳೆತ ನೇರಳೆ ಬಣ್ಣ, ನಾತವಂತೂ ಕೇಳಲೇಬೇಡಿ. ಮುಂದಿದ್ದ ಗಿರಾಕಿಗಳು ಕಾಲಿಗೆ ಬುದ್ಧಿ ಹೇಳಿದರು.

ದೊಡ್ಡಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ಬಣ್ಣ ಬಿಡುತ್ತೆ. ಬೇರೆ ಬಟ್ಟೆ ಜೊತೆ ಹಾಕೋಕಾಗಲ್ಲ. ಹೋಗಿ ತೊಟ್ಟೀಲಿ ಕೂತ್ಕೊ."

"ನೀರನ್ನ ಯಾವುದ್ರಲ್ಲಿ ಒಗೀತೀಯ ದೊಡ್ಡಮ್ಮ?"

"ಮೊದ್ಲು ಜೇಬು ನೋಡೋಣ, ಆಮೇಲೆ ತಲೆ ತಿನ್ನು."

ಹೊಳೆಗೂ ಜೇಬುಗಳಿದ್ದವು, ಸುಳಿಗಳ ಒಳಗೆ. ಅವಳು ಮೊಣಕೈವರೆಗೆ ಕೈ ಹಾಕಿ ಟೈರು, ಮುರಿದ ಕುರ್ಚಿ, ಕಟುಕ ಎಸೆದ ಮೂಳೆಗಳನ್ನು ಎಳೆದಳು. ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಆಯಾ ಮನೆಗೆ ತಲುಪಿಸಿದೆವು. ದಂತವೈದ್ಯನ ಪಾಲಿಗೆ ಒಂದು ಚೀಲ ಹಲ್ಲು ಬಂತು.

ದೊಡ್ಡ ಜೇಬಿನಲ್ಲಿ ನೇರಳೆ ಕೆಸರಿತ್ತು. ಬಣ್ಣದ ಕಾರ್ಖಾನೆಯದು, ಇನ್ಯಾರದು? ಅಲ್ಲಿನ ಕೆಲಸಗಾರರ ಸಮವಸ್ತ್ರ ಒಗೆದೇ ನಾವು ಹೊಟ್ಟೆ ಹೊರೆಯುತ್ತಿದ್ದದ್ದು.

"ಇದೊಂದನ್ನ ಬಿಟ್ಬಿಡು. ಅವ್ರು ಬಟ್ಟೆ ಕೊಡ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ" ಎಂದು ಅಂಗಲಾಚಿದೆ. ಅವಳು ಸೊಪ್ಪು ಹಾಕಲಿಲ್ಲ. ಮಾಲೀಕನ ಬಿಳಿ ಸೋಫಾದ ಮೇಲೆ ಕೆಸರನ್ನೆಲ್ಲ ಸುರಿದು, "ನಿಮ್ದೇ ತಾನೆ, ಸರಿಯಾಗಿ ನೋಡ್ಕೊಳ್ಳಿ" ಎಂದಳು. ಇನ್ನು ಒಂದು ಕರವಸ್ತ್ರವನ್ನೂ ಕಳಿಸುವುದಿಲ್ಲವೆಂದು ಅವನು ಕೂಗಾಡಿದ.

"ಆಸ್ಪತ್ರೆ ಹೊದಿಕೆಗಳಿವೆಯಲ್ಲ, ಅರೆಹೊಟ್ಟೇಲಿದ್ರೂ ಅಂಗಡಿ ನಡೆಸ್ತೀನಿ" ಎಂದು ಅವಳು ದಾರಿಯುದ್ದಕ್ಕೂ ಬೀಗಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳೇಕೆ, ಹೆಮ್ಮೆಯೂ ಆಗಿತ್ತು.

ತೊಟ್ಟಿಯಲ್ಲಿ ಹೊಳೆ ತೆಳ್ಳಗಾಗಿತ್ತು. "ಆಯ್ತು, ಎದ್ದೇಳು" ಎಂದಳು ದೊಡ್ಡಮ್ಮ. ಅದು ಏಳಲಿಲ್ಲ, ಇನ್ನೊಂದು ಸುಳಿಯನ್ನು ಅವಳ ಕಡೆ ತಿರುಗಿಸಿತು. ಕೈ ಹಾಕಿದರೆ ನೊರೆ. ಎಳೆದಷ್ಟೂ ನೊರೆ. ಮೇಜು ಮುಳುಗಿತು, ಇಸ್ತ್ರಿಪೆಟ್ಟಿಗೆ ಮುಳುಗಿತು. ಅವಳು ಒಂದು ಹಿಡಿ ಎತ್ತಿ ಮೂಸಿದಳು. ತನ್ನ ಸೋಪಿನ ವಾಸನೆ ತನಗೆ ತಿಳಿಯದೇ? ಮದುವೆಯಾಗಿ ಬಂದಂದಿನಿಂದ ಹಿತ್ತಲ ಕೊಳವೆಯಲ್ಲಿ ಬಿಟ್ಟದ್ದೆಲ್ಲ ಅಲ್ಲಿತ್ತು. ಕೊಳವೆ ಹೊಳೆಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸೋಪೂ ಕೊಳೆಯೇ ಎಂದು ಮಾತ್ರ ಯಾವತ್ತೂ ಅನ್ನಿಸಿರಲಿಲ್ಲ.

ನಾನು ಬಾಗಿಲು ಎಳೆದುಕೊಂಡೆ. "ಯಾರೂ ನೋಡಿಲ್ಲ. ವಾಪಸ್ ತುಂಬಿಬಿಡು."

"ಬಾಗ್ಲು ತೆಗಿ" ಎಂದಳು.

ಬೀದಿಯ ಜನರೆಲ್ಲ ನೋಡುತ್ತಿರುವಾಗ, ಎದೆಯವರೆಗಿನ ನೊರೆಯಲ್ಲಿ ಹಿತ್ತಲಿಗೆ ನಡೆದು, ಸಿಮೆಂಟ್ ಕಲಸಿ ಕೊಳವೆಯ ಬಾಯಿಗೆ ಮೆತ್ತಿದಳು. ನೀರು ಹೋಗಲು ದಾರಿಯಿಲ್ಲದ ಲಾಂಡ್ರಿ ಒಂದು ದಿನವೂ ನಡೆಯದು. ಆಸ್ಪತ್ರೆಯ ಹೊದಿಕೆಗಳನ್ನು ಒಗೆಯದೆಯೇ ಮಡಿಸಿ ಗಂಟು ಕಟ್ಟಿದಳು. ಹೊಳೆ ಎದ್ದು ಬಾಗಿಲವರೆಗೆ ಹೋಗಿ ನಿಂತಿತು.

"ಏನ್ ನೋಡ್ತೀಯ, ಹೋಗು" ಎಂದಳು ದೊಡ್ಡಮ್ಮ. "ಮತ್ತೆ ಕೊಳೆ ಮಾಡ್ಕೊಂಡ್ ಬರಬೇಡ. ಒಗೆಯೋಕೆ ನಾನಿರಲ್ಲ."